ಭೋಸರಿ: ಪಂಪ್ ಬಿಚ್ಚುವಾಗ ಕಣ್ಣಿಗೆ ಕಾಸ್ಟಿಕ್ ಸಿಡದೈತಿ, ನಾಳೆ ತೋರಿಸಿದ್ರ ನಡೀತೈತೇನ್ರಿ?

ವಿಜಾಪುರದಂವ:
ನಮ್ಮ ತಮ್ಮ ಪುಣೆ ಹತ್ರ ಭೋಸರಿ ಎಂಐಡಿಸಿ ಕಾರ್ಖಾನಿ ಏರಿಯಾದೊಳಗ ಕಾಂಟ್ರ್ಯಾಕ್ಟರ್ ಕೈಕೆಳಗ ಫಿಟರ್ ಅದಾನ್ರಿ. ಕಾಸ್ಟಿಕ್ (ಸುಡೋ ಕ್ಷಾರ) ಅಳತಿ ಪ್ರಕಾರ ಬಿಡೋ ಡೋಸಿಂಗ್ ಪಂಪಿಂದು ಗ್ಲ್ಯಾಂಡ್, ಅಂದ್ರ ಸೋರದಂಗ ತಡಿಯೋ ಭಾಗ, ಬಿಚ್ಚುವಾಗ ಲೈನಿನ್ಯಾಗ ಪ್ರೆಶರ್ ಉಳದಿತ್ತಂತ, ಬಲಗಣ್ಣಿಗೆ ಸಿಡದೈತಿ, ಗ್ರೈಂಡಿಂಗ್ ಚಷ್ಮಾ ಹಾಕಿದ್ದ ಆದ್ರ ಬಾಜೂಕಿಂದ ಒಳಗ ಹೋಗೇತಿ. ಎರಡ್ ಮಗ್ ನೀರ್ ಹಾಕ್ಕೊಂಡು ರೂಮಿಗೆ ಬಂದಾನ. ನೋವು ಕಮ್ಮಿ ಅಂತಾನ, ಕೆಂಪೂ ಅಷ್ಟಿಲ್ಲ, ಒಂದ್ ಕಡೆ ಪೂರಾ ಬೆಳ್ಳಗ ಕಾಣತೈತಿ, ಖರೆ ಮಂಜು ಮಂಜು ಅಂತಾನ. ಕಾಂಟ್ರ್ಯಾಕ್ಟರ್ ನೋಡಿದ್ರ ಮೆಡಿಕಲ್‌ನ್ಯಾಗ ಡ್ರಾಪ್ಸ್ ತಗೋ, ಕಂಪನಿಗೆ ಹೇಳಬ್ಯಾಡ ಅಂತಾನ.

ಹಡಪ್ಸರ್ ಅಕ್ಕ:
ನಾಳೆ ಬೇಡ, ಈಗಲೇ. ಕಣ್ಣಿನ ಆಸ್ಪತ್ರೆಲಿ ಕೆಲಸ ಮಾಡ್ತೀನಿ ಅದಕ್ಕೆ ಹೇಳ್ತಿರೋದು, ಕೆಂಪಾಗದೆ ಬೆಳ್ಳಗಾಗಿದ್ರೆ ಅದು ಒಳ್ಳೇದಲ್ಲ, ಕರಿಗುಡ್ಡೆ ಸುತ್ತ ಇರೋ ರಕ್ತನಾಳಗಳು ಸುಟ್ಟಿರಬಹುದು. ಆಸಿಡ್ ಆದ್ರೆ ಮೇಲಿನ ಪದರ ಗಟ್ಟಿಯಾಗಿ ಸ್ವಲ್ಪ ತಡೆಯುತ್ತೆ, ಕಾಸ್ಟಿಕ್ ಹಾಗಲ್ಲ, ಕೊಬ್ಬನ್ನೇ ಸೋಪು ಮಾಡ್ಕೊಂಡು ಒಳಗೆ ಇಳೀತಾನೇ ಹೋಗುತ್ತೆ. ಮೊದಲು ನಲ್ಲಿ ಕೆಳಗೆ ಆ ಕಣ್ಣು ಕೆಳಗಡೆ ಬರೋ ಹಾಗೆ ತಲೆ ಓರೆ ಮಾಡ್ಸಿ, ರೆಪ್ಪೆ ಬಿಡಿಸಿ ಹಿಡಿದು ಅರ್ಧ ಗಂಟೆ ಮೆಲ್ಲಗೆ ನೀರು ಬಿಡಿ. ನಿಂಬೆ, ವಿನೆಗರ್ ಅಂತ ಯಾರಾದ್ರೂ ಹೇಳಿದ್ರೆ ಕೇಳಲೇಬೇಡಿ. ಆಮೇಲೆ ಸೀದಾ ಪಿಂಪ್ರಿ ವೈಸಿಎಂ ಆಸ್ಪತ್ರೆ ಕ್ಯಾಶುವಾಲ್ಟಿ, ಕ್ಯಾನ್ ಮೇಲಿನ ಲೇಬಲ್ ಫೋಟೋ ಇದ್ರೆ ತೋರಿಸಿ. ಅಲ್ಲಿ ಪಿಎಚ್ ಪಟ್ಟಿ (ಆಸಿಡ್ಡೋ ಕ್ಷಾರನೋ ಅಂತ ಬಣ್ಣದಲ್ಲಿ ತೋರಿಸೋ ಕಾಗದ) ಇಟ್ಟು ನೋಡ್ತಾರೆ, 7ರ ಹತ್ರ ಬಂದು ನಿಲ್ಲೋವರೆಗೂ ತೊಳೀಬೇಕು.

ತಳೋಜಾ ಫಿಟರ್:
ಅಕ್ಕ ಹೇಳಿದ್ದು ಮಾಡಿ ಮೊದಲು. ಎರಡೂ ಕಡೆ ವಾಲ್ವ್ ಬಂದ್ ಮಾಡಿ ಲಾಕ್ ಹಾಕಿ, ವೆಂಟ್ ತೆಗ್ದು, ಡ್ರೇನ್ ಮಾಡದೆ ಗ್ಲ್ಯಾಂಡಿಗೆ ಪಾನಾ ಹಾಕ್ಲಿಕ್ಕೆ ಹೇಳಿದ್ದು ಯಾರು ಮಾರಾಯ್ರೆ? ಗ್ರೈಂಡಿಂಗ್ ಚಷ್ಮಾ ಕಿಡಿಗೆ ಮಾತ್ರ, ಕೆಮಿಕಲ್ಲಿಗೆ ಮುಖಕ್ಕೆ ಅಂಟಿ ಕೂರುವ ಸ್ಪ್ಲ್ಯಾಶ್ ಗಾಗಲ್ಸ್, ಅದರ ಮೇಲೆ ಫೇಸ್ ಶೀಲ್ಡ್ ಬೇಕು. ಐವಾಶ್ (ಕಣ್ಣು ತೊಳೆಯುವ ನಲ್ಲಿ) 10 ಸೆಕೆಂಡಲ್ಲಿ ಮುಟ್ಟುವಷ್ಟು ಹತ್ರ ಇರ್ಬೇಕು, 15 ನಿಮಿಷ ನೀರು ಬರ್ಬೇಕು. ಎಷ್ಟೋ ಕಡೆ ಅದ್ರ ಮುಂದೆನೇ ಡ್ರಮ್ ಪೇರಿಸಿ ಇಟ್ಟಿರ್ತಾರೆ, ವಾರಕ್ಕೊಮ್ಮೆ ಬಿಟ್ಟು ನೋಡೋರೂ ಇಲ್ಲ, ತುಕ್ಕು ನೀರು ಬರ್ತದೆ.

ಲೆಕ್ಕದ ಮಾಮಾ:
ಡಾಕ್ಟರ್ ಮುಂದ ಕಂಪನಿ ಕೆಲಸದಾಗ ಆಗಿದ್ದು ಅಂತ ಸ್ವಚ್ಛ ಹೇಳಿ ಬರಸ್ರಿ. ಪಗಾರ ತಿಂಗಳಿಗೆ 21,000 ಒಳಗಿದ್ರ ಇಎಸ್ಐ (ಕಾರ್ಮಿಕರ ಸರಕಾರಿ ವಿಮಾ) ಬರತೈತಿ, ಕೆಲಸದ ಗಾಯಕ್ಕ ಇಷ್ಟು ದಿನ ಕಾಂಟ್ರಿಬ್ಯೂಶನ್ ತುಂಬಿರಬೇಕು ಅನ್ನೋ ಷರತ್ತಿಲ್ಲ, ಕೆಲಸಕ್ಕ ಹೋಗಲಾರದ ದಿನಕ್ಕ ಪಗಾರದ 90 ಪರ್ಸೆಂಟ್ ಸಿಗತೈತಿ. ಕಾಂಟ್ರ್ಯಾಕ್ಟರ್ ಕೈ ಎತ್ತಿದ್ರೂ ಮೂಲ ಕಂಪನಿ ತಪ್ಪಿಸ್ಕೊಳ್ಳಾಕ ಬರಂಗಿಲ್ಲ. ಸೂಪರ್‌ವೈಸರಿಗೆ ಈಗಲೇ ವಾಟ್ಸಾಪ್ ಹಾಕ್ರಿ, ಟೈಮ್ ದಾಖಲಾಗಲಿ.

ವಿಜಾಪುರದಂವ:
ಕ್ಯಾಶುವಾಲ್ಟ್ಯಾಗ ಅದೀವ್ರಿ. ಪಟ್ಟಿ ಇನ್ನೂ ನೀಲಿನ ಬಂತು, ಅಂದ್ರ ಕ್ಷಾರ ಇನ್ನೂ ಉಳದೈತಿ, ಸಲೈನ್ ಹಚ್ಚಿ ತೊಳ್ಯಾಕತ್ತಾರ. ಕಾಂಟ್ರ್ಯಾಕ್ಟರ್ ಫೋನ್ ಎತ್ತವಲ್ಲ, ಸೂಪರ್‌ವೈಸರಿಗೆ ಮೆಸೇಜ್ ಹಾಕೀನಿ.