ಟಿಪ್ಪರ್ ಬಿಟ್ಟು ಸರ್ಕಾರಿ ಬಸ್ಸಿಗೆ ಕಾಯಬೇಕೋ, ಬೆಂಗಳೂರಿನ ಎಲೆಕ್ಟ್ರಿಕ್ ಬಸ್ಸಿಗೆ ಹೋಗಬೇಕೋ?

ರೋಣದ ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮದು ಗದಗ ಜಿಲ್ಲೆ, ರೋಣದ ಹತ್ತಿರ ಹಳ್ಳಿ. ವಯಸ್ಸು 29, ಎಸ್ಸೆಸ್ಸೆಲ್ಸಿ ಪಾಸ್. ಹೆವಿ ಲೈಸೆನ್ಸ್ ಆಗಿ ನಾಲ್ಕು ವರ್ಷ ಆಯ್ತು. ಈಗ ಕ್ರಷರ್‌ನಲ್ಲಿ ಟಿಪ್ಪರ್ ಓಡಿಸುತ್ತಿದ್ದೇನೆ, ಧೂಳು ಕುಡಿದು ಸಾಕಾಗಿದೆ. ಸಾರಿಗೆ ನಿಗಮದವರು ಮತ್ತೆ ಚಾಲಕ ಕಂ ನಿರ್ವಾಹಕ ಹುದ್ದೆಗೆ ಕರೆದಾಗ ಅರ್ಜಿ ಹಾಕು ಅಂತ ಅಪ್ಪನ ಹಟ. ಗೆಳೆಯನೊಬ್ಬ, ಸುಮ್ನೆ ಯಾಕೆ ಕಾಯ್ತೀಯಾ, ಬೆಂಗಳೂರಿಗೆ ಬಾ, ಎಲೆಕ್ಟ್ರಿಕ್ ಬಸ್ ಕಂಪನಿಯಲ್ಲಿ ವಾರದೊಳಗೆ ಕೆಲಸ ಕೊಡಿಸ್ತೀನಿ ಅನ್ನುತ್ತಾನೆ. ಬಸ್ ಓಡಿಸಿ ತೋರಿಸೋ ಟ್ರ್ಯಾಕ್ ಟೆಸ್ಟ್ ತುಂಬಾ ಕಷ್ಟ ಅಂತಾರಲ್ಲ, ಹೌದಾ? ಅಷ್ಟು ಕಷ್ಟಪಟ್ಟು ಸೇರಿದವರು ಮತ್ತೆ ಯಾಕೆ ಬಿಟ್ಟು ಹೋಗುತ್ತಾರೆ?

ಘಾಟಿ ಡ್ರೈವರ್

ತಮ್ಮಾ, ನಾನೂ ಬಾಗಲಕೋಟೆ ಕಡೆಯವನೇ. ಈಗ ಕರಾವಳಿಯ ಒಂದು ಡಿಪೋದಲ್ಲಿ ಇದ್ದೇನೆ.

ಟ್ರ್ಯಾಕ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ಹುಮನಾಬಾದ್, ಹಾಸನದ ಟ್ರ್ಯಾಕ್‌ಗಳಲ್ಲಿ ಸೆನ್ಸರ್ ಇದೆ, ಅಂಕ ಹಾಕೋದು ಕಂಪ್ಯೂಟರ್. ‘ಒಳಗೆ ಮಾತಾಡಿದ್ದೀನಿ, ಇಷ್ಟು ಕೊಡು’ ಅಂತ ಯಾರಾದರೂ ಬಂದರೆ ಚಹಾ ಕುಡಿಸಿ ಕಳಿಸು. ಏರಿನಲ್ಲಿ ನಿಲ್ಲಿಸಿ, ಹಿಂದೆ ಜಾರದ ಹಾಗೆ ಎತ್ತುವುದನ್ನು ಅಭ್ಯಾಸ ಮಾಡು. ಆಮೇಲೆ ರಿವರ್ಸ್. ಟಿಪ್ಪರ್‌ನವರು ಎಡವೋದೇ ಅಲ್ಲಿ. ಟಿಪ್ಪರ್‌ಗೆ ಹಿಂದಿನ ಚಕ್ರ ಮುಗಿದರೆ ಗಾಡಿಯೇ ಮುಗಿದ ಹಾಗೆ. ಉದ್ದದ ಬಸ್ಸಿಗೆ ಆ ಚಕ್ರ ದಾಟಿ ಇನ್ನೂ ಹತ್ತಿರ ಹತ್ತಿರ ಮೂರು ಮೀಟರ್ ಬಾಡಿ ಇರುತ್ತೆ. ನೀನು ಸ್ಟೇರಿಂಗ್ ಬಲಕ್ಕೆ ಪೂರ್ತಿ ತಿರುಗಿಸಿದರೆ ಬಾಲ ಎಡಕ್ಕೆ ಹೊರಳುತ್ತೆ. ಪಕ್ಕದಲ್ಲಿ ನಿಂತ ಬೈಕಿನವನಿಗೆ ಅದು ಗೊತ್ತಿರಲ್ಲ.

ಟ್ರೇನಿಂಗ್‌ನಲ್ಲಿ ನಮ್ಮ ಮೇಷ್ಟ್ರು ಮೊದಲ ದಿನ ಸ್ಟೇರಿಂಗ್ ಮುಟ್ಟಿಸಲೇ ಇಲ್ಲ. ಕೊನೆಯ ಸೀಟಿನಲ್ಲಿ ಕೂರಿಸಿದರು. ಇನ್ನೊಬ್ಬ ಹುಡುಗ ಓಡಿಸುತ್ತಿದ್ದ. ಹಂಪ್‌ನಲ್ಲಿ ಮುಂದಿನ ಚಕ್ರ ಇಳಿದದ್ದೇ ತಡ, ಆಕ್ಸಿಲರೇಟರ್ ಒತ್ತಿದ. ಹಿಂದೆ ಕೂತ ನಾವೆಲ್ಲ ಸೀಟು ಬಿಟ್ಟು ಎಗರಿದೆವು. ‘ಇಲ್ಲಿ ಬಸುರಿ ಹೆಣ್ಣುಮಗಳು ಕೂತಿರ್ತಾಳೆ, ತಿಳೀತಾ?’ ಅಂದರು. ಅವತ್ತಿನ ಪಾಠ ಅಷ್ಟೇ. ಜಲ್ಲಿ ಬೈಯಲ್ಲ, ಜನ ಬೈತಾರೆ.

ಇನ್ನು ಬಿಟ್ಟು ಹೋಗುವ ವಿಷಯ. ನಾನು ನೋಡಿದವರಲ್ಲಿ ಓಡಿಸೋದು ಕಷ್ಟ ಅಂತ ಹೋದವರು ಇಲ್ಲ. ಊರು ದೂರ ಅಂತ ಹೋದರು. ರಾಜ್ಯದಲ್ಲಿ ನಾಲ್ಕು ನಿಗಮ ಇವೆ. ನಿಮ್ಮ ಗದಗ ಬರೋದು ವಾಯವ್ಯ ಸಾರಿಗೆಗೆ, ಅದರ ಕೇಂದ್ರ ಕಚೇರಿ ಹುಬ್ಬಳ್ಳಿ. ಮೊದಲು ಕರೆದರು ಅಂತ ಕೆಎಸ್‌ಆರ್‌ಟಿಸಿಗೆ ಹಾಕಿದರೆ ನಿನಗೆ ಪುತ್ತೂರು ಸಿಗಬಹುದು, ಚಾಮರಾಜನಗರವೂ ಸಿಗಬಹುದು. ಒಂದು ನಿಗಮದಿಂದ ಇನ್ನೊಂದಕ್ಕೆ ವರ್ಗ ಅನ್ನೋದು ಡಿಪೋ ಬದಲಿಸಿದಷ್ಟು ಸುಲಭ ಅಲ್ಲ. ವರ್ಷಗಟ್ಟಲೆ ಕಾಯುತ್ತಿರುವವರು ನನ್ನ ರೂಮಿನಲ್ಲೇ ಇದ್ದಾರೆ. ವಾರದ ರಜೆ ಒಂದು ದಿನ. ಊರಿಗೆ ಹೋಗಿ ಬರಲು ಎರಡು ರಾತ್ರಿ. ಹೋಗಿ ಏನು ಮಾಡೋದು ಹೇಳು? ಹಾಗಾಗಿ ಯಾವ ನಿಗಮದ ಅಧಿಸೂಚನೆ ಅಂತ ಮೊದಲು ನೋಡು, ಹುದ್ದೆ ಎಷ್ಟಿವೆ ಅನ್ನೋದು ಆಮೇಲೆ.

ಚಾಲಕ ಕಂ ನಿರ್ವಾಹಕ ಅಂದರೆ ಟಿಕೆಟ್ ಮಷಿನ್ನೂ ಹಿಡಿಯಬೇಕು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ರಶ್ಶೂ ಜಾಸ್ತಿ, ಉಚಿತವಾಗಿ ಹೋಗುವ ನಮ್ಮ ರಾಜ್ಯದ ಹೆಂಗಸರಿಗೆಲ್ಲ ಶೂನ್ಯ ಟಿಕೆಟ್ ಕೊಡಲೇಬೇಕು. ಒಂದು ಬಿಟ್ಟುಹೋಗಿ ಚೆಕಿಂಗ್‌ನವರು ಹತ್ತಿದರೆ ನಿನಗೇ ಮೆಮೊ.

ಬ್ಯಾಟರಿ ಗಾಡಿ

ನಾನು ಬೆಂಗಳೂರಲ್ಲಿ ಎಲೆಕ್ಟ್ರಿಕ್ ಓಡಿಸ್ತೀನಿ. ಬಸ್ಸಿನ ಮೇಲೆ ಬಿಎಂಟಿಸಿ ಅಂತ ಇದ್ದರೂ ಡ್ರೈವರ್ ಕಂಪನಿಯವನು, ಕಂಡಕ್ಟರ್ ಮಾತ್ರ ನಿಗಮದವರು. ನಿಗಮ ಕಂಪನಿಗೆ ಕಿಲೋಮೀಟರ್ ಲೆಕ್ಕದಲ್ಲಿ ದುಡ್ಡು ಕೊಡುತ್ತೆ. ಇಷ್ಟು ಅರ್ಥ ಆದರೆ ಉಳಿದದ್ದು ತಾನಾಗೇ ಅರ್ಥ ಆಗುತ್ತೆ. ಗಾಡಿ ನಿಂತರೆ ಅವರಿಗೆ ನಷ್ಟ, ಅದಕ್ಕೇ ವಾರದೊಳಗೆ ಕೆಲಸ.

ಗಾಡಿ ಮಾತ್ರ ಸೂಪರ್. ಕ್ಲಚ್ ಇಲ್ಲ, ಇಂಜಿನ್ ಶಾಖ ಇಲ್ಲ, ಸಂಜೆಗೆ ಎಡಗಾಲು ನೋಯಲ್ಲ. ಆಕ್ಸಿಲರೇಟರ್‌ನಿಂದ ಕಾಲು ಎತ್ತಿದರೇ ಬಸ್ ನಿಧಾನ ಆಗುತ್ತೆ, ಅದಕ್ಕೆ ಒಗ್ಗಿಕೊಳ್ಳೋವರೆಗೆ ನಿಂತ ಜನ ಮುಂದಕ್ಕೆ ಮುಗ್ಗರಿಸ್ತಾರೆ. ಸೇರೋ ಮುಂಚೆ ಪಿಎಫ್, ಇಎಸ್‌ಐ, ಬಸ್ಸಿಗೆ ಪೆಟ್ಟು ಬಿದ್ದರೆ ಯಾರ ಸಂಬಳದಲ್ಲಿ ಹಿಡೀತಾರೆ, ಇದನ್ನೆಲ್ಲ ಕಾಗದದಲ್ಲಿ ಕೇಳು. ಹಿಂದಿನ ಕಂಪನಿಯಲ್ಲಿ ಆಟೋದವನು ಉಜ್ಜಿ ಹೋದದ್ದಕ್ಕೂ ನನ್ನ ಸಂಬಳದಲ್ಲೇ ಹಿಡಿದರು.

ಡ್ರೈವರ್ ಮನೆಯವರು

ಅಣ್ಣಂದಿರು ಹೇಳದ ಒಂದು ಮಾತು. ನಿಮಗೆ ಮದುವೆ ಆಗಿದ್ದರೆ ಹೆಂಡತಿಯನ್ನೂ ಕೇಳಿ. ದೀಪಾವಳಿ, ಯುಗಾದಿಗೆ ಊರಿನವರೆಲ್ಲ ಬರೋದು ಹೆಚ್ಚುವರಿ ಬಸ್ಸಿನಲ್ಲಿ, ಅದನ್ನು ಓಡಿಸೋದು ನಮ್ಮ ಯಜಮಾನರು. ಹಬ್ಬ ನಾವು ಆಮೇಲೆ ಮಾಡ್ತೀವಿ. ನೈಟ್ ಹಾಲ್ಟ್ ಇದ್ದ ದಿನ ಅವರು ಬಸ್ಸಿನಲ್ಲೇ ಮಲಗ್ತಾರೆ, ನಾನೊಂದು ಹೊದಿಕೆ ಅದಕ್ಕೇ ಅಂತ ಇಟ್ಟಿದ್ದೀನಿ. ಆದರೂ ತಿಂಗಳ ಸಂಬಳ ನಂಬಿ ಮಗಳ ಫೀಸ್ ಕಟ್ಟಬಹುದು. ಕ್ರಷರ್ ಕೆಲಸದಲ್ಲಿ ಅದು ಆಗುತ್ತಾ, ನೀವೇ ಹೇಳಿ.

ರೋಣದ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಹುಬ್ಬಳ್ಳಿಯವರು ಕರೆಯೋವರೆಗೆ ಟಿಪ್ಪರ್ ಬಿಡಲ್ಲ. ಘಾಟಿ ಅಣ್ಣ, ನನ್ನ ಹತ್ತಿರ ಕಂಡಕ್ಟರ್ ಲೈಸೆನ್ಸ್ ಇಲ್ಲ. ಅಧಿಸೂಚನೆ ಬಂದ ಮೇಲೆ ಮಾಡಿಸಿದರೆ ಆಗಲ್ವಾ?

ಘಾಟಿ ಡ್ರೈವರ್

ಆಗಲ್ಲ, ಈಗಲೇ ಮಾಡಿಸು. ಪ್ರಥಮ ಚಿಕಿತ್ಸೆ ಸರ್ಟಿಫಿಕೇಟ್ ಕೇಳ್ತಾರೆ, ಅದಕ್ಕೇ ದಿನ ಹಿಡಿಯುತ್ತೆ. ಆಮೇಲೆ ಎತ್ತರ ಅಳೆಸಿಕೋ. ಹಿಂದಿನ ಸಲ ಗಂಡಸರಿಗೆ 163 ಸೆಂ.ಮೀ. ಇತ್ತು. ಚಪ್ಪಲಿ ಬಿಚ್ಚಿ ಅಳೆಸು.