ಕಲಿಸಿದ್ದು ನಾನು, ಬಡ್ತಿ ಅವನಿಗೆ: ನಿಮ್ಮ ಅನುಭವ ತಿಳಿಸಿ

ಪ್ರಶ್ನೆ, ಬೆಂಗಳೂರಿನಿಂದ:
ಪೀಣ್ಯದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆಯ ಕೆಲಸದಲ್ಲಿದ್ದೇನೆ. ನಾನೇ ಕೆಲಸ ಕಲಿಸಿದ ಹುಡುಗ ಈ ಸಲ ಶಿಫ್ಟ್ ಇನ್‌ಚಾರ್ಜ್ ಆದ. ಮ್ಯಾನೇಜರನ್ನು ಕೇಳಿದರೆ, "ನಿಮಗೆ ಚಿಕ್ಕ ಮಗು ಇದೆಯಲ್ಲಮ್ಮ, ರಾತ್ರಿ ಪಾಳಿ ಕಷ್ಟ" ಎಂದರು. ಆಗುತ್ತದೆಯೇ ಎಂದು ನನ್ನನ್ನು ಯಾರೂ ಕೇಳಿರಲೇ ಇಲ್ಲ. ಇದು ತಾರತಮ್ಯವೋ, ನನ್ನ ಹೊಟ್ಟೆಯುರಿಯೋ?

ಮೈಸೂರಿನಿಂದ, ಎಚ್‌ಆರ್ ವಿಭಾಗದಲ್ಲಿದ್ದವಳು:
ಬಡ್ತಿಯ ಪಟ್ಟಿ ತಯಾರಾಗುವ ಸಭೆಗಳಲ್ಲಿ ಬಹಳ ವರ್ಷ ಕುಳಿತಿದ್ದೇನೆ. ಹೆಂಗಸು ಬೇಡ ಎಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಪಾಪ, ಅವರಿಗೆ ತೊಂದರೆ ಯಾಕೆ" ಎನ್ನುತ್ತಾರೆ. ಹೆಸರು ಬಿಟ್ಟುಹೋಗುವುದು ಆ ಅನುಕಂಪದಲ್ಲೇ. ಗಂಡಸಿಗೆ ಮಗುವಾದರೆ ಅದೇ ಸಭೆಯಲ್ಲಿ "ಸಂಸಾರಸ್ಥ, ಜವಾಬ್ದಾರಿ ಬಂದಿದೆ" ಎನ್ನುವುದನ್ನೂ ಕೇಳಿದ್ದೇನೆ!

ಆದ್ದರಿಂದ ಮುಂದಿನ ಪಟ್ಟಿಗೆ ಮೊದಲೇ ಇಮೇಲ್ ಬರೆಯಿರಿ. ರಾತ್ರಿ ಪಾಳಿಗೆ ಸಿದ್ಧಳಿದ್ದೇನೆ ಎಂದು ಸ್ಪಷ್ಟವಾಗಿ ಹೇಳಿ, ಮನೆಯವರೆಗೆ ವಾಹನ ಕೊಡಿ ಎಂದು ಕೇಳಿ. ಇನ್‌ಚಾರ್ಜ್ ಹುದ್ದೆಗೆ ಏನೇನು ನೋಡುತ್ತಾರೆ, ಅದರಲ್ಲಿ ನಿಮಗೆ ಎಷ್ಟು ಅಂಕ ಬಂದಿದೆ ಎಂದು ವಿಚಾರಿಸಿ. ಆ ಹುಡುಗನ ಕೊರತೆಗಳನ್ನು ಮಾತ್ರ ಎತ್ತಬೇಡಿ. ಎತ್ತಿದಿರೋ, ಚರ್ಚೆ ಅವನ ಮೇಲೆ ಹೊರಳಿ ನಿಮ್ಮ ಪ್ರಶ್ನೆ ಅಲ್ಲೇ ಸಾಯುತ್ತದೆ.

ಹುಬ್ಬಳ್ಳಿಯಿಂದ:
ಎಲ್ಲವನ್ನೂ ಹೆಣ್ಣೆಂಬ ಕಾರಣಕ್ಕೆ ಕಟ್ಟಬೇಡಿ, ಮೇಡಂ. ನನ್ನನ್ನು ಬಿಟ್ಟು ಮ್ಯಾನೇಜರ್ ತಮ್ಮ ಊರಿನವನಿಗೆ ಬಡ್ತಿ ಕೊಟ್ಟರು. ನಾನು ಯಾರಿಗೆ ದೂರಲಿ?

ಮೈಸೂರಿನಿಂದ:
ನಿಮಗಾದದ್ದೂ ಅನ್ಯಾಯವೇ, ಸರ್. ಆದರೆ ಇವರ ಮ್ಯಾನೇಜರ್ ಕಾರಣವನ್ನು ತಾವೇ ಹೇಳಿದ್ದಾರೆ. ಊಹಿಸಲು ಏನು ಉಳಿದಿದೆ?

ಮಡಿಕೇರಿಯಿಂದ, ವಕೀಲೆ:
ನಮ್ಮ ವಿರಾಜಪೇಟೆಯ ಸಿ. ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾಗಲು ಮಹಿಳಾ ಅಧಿಕಾರಿ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರ ಕೆಲಸಕ್ಕೆ ಅಡ್ಡಿಯೆನಿಸಿದರೆ ರಾಜೀನಾಮೆ ಕೊಡಬೇಕು ಎಂದು ಆಗ ನಿಯಮವೇ ಇತ್ತು. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. ಅರ್ಜಿ ಬಾಕಿಯಿರುವಾಗಲೇ ಸರ್ಕಾರ ಬಡ್ತಿ ಕೊಟ್ಟಿತು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಅರ್ಜಿಯನ್ನು ಮುಗಿಸಿತಾದರೂ ಆ ನಿಯಮಗಳನ್ನು ಕಟುವಾಗಿ ಟೀಕಿಸಿತು, ಅವರ ಜ್ಯೇಷ್ಠತೆಯನ್ನು ಮರುಪರಿಶೀಲಿಸುವಂತೆ ಸೂಚಿಸಿತು.

1976ರ ಸಮಾನ ವೇತನ ಕಾಯ್ದೆ ನೇಮಕಾತಿಯಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸಿತ್ತು. 1987ರ ತಿದ್ದುಪಡಿ ಬಡ್ತಿ, ತರಬೇತಿ, ವರ್ಗಾವಣೆಗಳನ್ನೂ ಸೇರಿಸಿತು. ಈಗ ಅದರ ಜಾಗದಲ್ಲಿ 2019ರ ವೇತನ ಸಂಹಿತೆ ಇದೆ. ಆದರೂ ಖಾಸಗಿ ಕಂಪನಿಯಲ್ಲಿ ಒಂದು ಬಡ್ತಿಗಾಗಿ ನೇರವಾಗಿ ಕೋರ್ಟಿಗೆ ಹೋಗಿ ಎಂದು ನಾನು ಹೇಳುವುದಿಲ್ಲ. ಕೈಯಲ್ಲಿ ಕಾಗದವಿಲ್ಲದೆ ಬಂದ ಕಕ್ಷಿದಾರರಿಗೆ ಏನೂ ಮಾಡಲಾಗದೆ ಕಳುಹಿಸಿದ್ದೇ ಹೆಚ್ಚು.

ಪ್ರಶ್ನೆ ಕೇಳಿದವರು:
ಇಮೇಲ್ ಬರೆಯುತ್ತೇನೆ. ಮ್ಯಾನೇಜರ್ ಕರೆದು ಮತ್ತೆ ಬಾಯಿಮಾತಿನಲ್ಲೇ ಉತ್ತರ ಕೊಟ್ಟರೆ?

ಮಡಿಕೇರಿಯಿಂದ:
ಅಂದೇ ಸಂಜೆ, "ಇಂದು ತಾವು ಹೀಗೆ ಹೇಳಿದಿರಿ, ತಪ್ಪಿದ್ದರೆ ತಿದ್ದಿ" ಎಂದು ಅವರಿಗೇ ಬರೆದು ಕಳುಹಿಸಿ. ಎಚ್‌ಆರ್‌ಗೂ ಒಂದು ಪ್ರತಿ ಹೋಗಲಿ.