48 ಕೋರ್ ಇದ್ದರೂ ಪ್ರೋಗ್ರಾಂ ತೆವಳುತ್ತಿದೆ: ಕೋರ್ ಹಂಚಿಕೆ ಬಗ್ಗೆ ಅನುಭವ ಇರುವವರು ತಿಳಿಸಿ

ಪ್ರಶ್ನೆ: ನಮಸ್ಕಾರ. ಪಿಎಚ್‌ಡಿ ಎರಡನೇ ವರ್ಷ. ದ್ರವದ ಹರಿವನ್ನು ಲೆಕ್ಕ ಹಾಕುವ ಕೋಡ್, ಎಂಪಿಐ (ಕೆಲಸವನ್ನು ಹಲವು ಪ್ರೋಸೆಸ್‌ಗಳಿಗೆ, ಅಂದರೆ ಪ್ರೋಗ್ರಾಂನ ಬೇರೆ ಬೇರೆ ಪ್ರತಿಗಳಿಗೆ, ಹಂಚಲು) ಜೊತೆ ಓಪನ್‌ಎಂಪಿ (ಒಂದೊಂದು ಪ್ರೋಸೆಸ್‌ನೊಳಗೆ ಥ್ರೆಡ್‌ಗಳಿಗೆ ಹಂಚಲು). ನಮ್ಮ ಕ್ಲಸ್ಟರ್‌ನ ಒಂದು ನೋಡ್‌ನಲ್ಲಿ (ಅಂದರೆ ಒಂದು ಕಂಪ್ಯೂಟರ್‌ನಲ್ಲಿ) 2 ಸಾಕೆಟ್ (ಪ್ರೊಸೆಸರ್ ಚಿಪ್), ತಲಾ 24 ಕೋರ್. ಅದಕ್ಕೇ 2 ಪ್ರೋಸೆಸ್, ಒಂದೊಂದಕ್ಕೆ 24 ಥ್ರೆಡ್ ಕೊಟ್ಟೆ. ಎಂಪಿಐಗೆ ಬಳಸುವ ತಂತ್ರಾಂಶ ಓಪನ್ ಎಂಪಿಐ 4, ಓಡಿಸುವುದು ಅದರ ಎಂಪಿಐರನ್ ಆಜ್ಞೆಯಲ್ಲಿ. ಲ್ಯಾಬ್‌ನ 8 ಕೋರ್ ಡೆಸ್ಕ್‌ಟಾಪೇ ಇದಕ್ಕಿಂತ ಬೇಗ ಮುಗಿಸುತ್ತಿದೆ! ಮುಂದಿನ ವಾರ ಗೈಡ್‌ಗೆ ಸ್ಕೇಲಿಂಗ್ ಗ್ರಾಫ್ (ಕೋರ್ ಹೆಚ್ಚಿದಂತೆ ವೇಗ ಎಷ್ಟು ಹೆಚ್ಚುತ್ತೆ ಅನ್ನೋದು) ತೋರಿಸಬೇಕು. ಎಲ್ಲಿಂದ ಹುಡುಕಲಿ?

ಉತ್ತರ: ಸದ್ಯಕ್ಕೆ ಕೋಡ್ ಮುಟ್ಟಲೇಬೇಡಿ. ಯಾವ ಪ್ರೋಸೆಸ್ ಯಾವ ಕೋರ್ ಮೇಲೆ ಕೂತಿದೆ ಅಂತ ಮೊದಲು ಕಣ್ಣಾರೆ ನೋಡಿ. ಎಂಪಿಐರನ್‌ಗೆ ರಿಪೋರ್ಟ್-ಬೈಂಡಿಂಗ್ಸ್ ಆಯ್ಕೆ ಸೇರಿಸಿದರೆ ಶುರುವಿನಲ್ಲೇ ಪಟ್ಟಿ ಬರುತ್ತೆ. ನನಗೂ ಇದೇ ಆಗಿತ್ತು. ಇದು ಗೊತ್ತಿಲ್ಲದೆ ಮೂರು ವಾರ ಲೂಪ್‌ಗಳನ್ನೇ ತಿದ್ದುತ್ತಾ ಕೂತಿದ್ದೆ, ನಿಮಗೆ ಹಾಗಾಗೋದು ಬೇಡ.

ನಾವು ಏನೂ ಹೇಳದಿದ್ದರೆ ಓಪನ್ ಎಂಪಿಐ 4 ತಾನೇ ತೀರ್ಮಾನ ಮಾಡುತ್ತೆ: ಒಟ್ಟು ಪ್ರೋಸೆಸ್ 2 ಅಥವಾ ಕಡಿಮೆ ಇದ್ದರೆ ಒಂದೊಂದನ್ನೂ ಒಂದೊಂದು ಕೋರ್‌ಗೆ ಕಟ್ಟಿಹಾಕುತ್ತೆ, ಅದಕ್ಕಿಂತ ಹೆಚ್ಚಿದ್ದರೆ ಸಾಕೆಟ್‌ಗೆ. ಪ್ರೋಸೆಸ್ ಹುಟ್ಟಿಸಿದ ಥ್ರೆಡ್‌ಗಳಿಗೂ ಅದೇ ಕಟ್ಟು. ಹಾಗಾಗಿ ನಿಮ್ಮ 24 ಥ್ರೆಡ್ ಒಂದೇ ಕೋರ್ ಮೇಲೆ ಸರದಿ ಕಾಯುತ್ತಿರಬಹುದು, 46 ಕೋರ್ ಸುಮ್ಮನೆ ಕೂತಿರಬಹುದು. ಮ್ಯಾಪ್-ಬೈ ಆಯ್ಕೆಗೆ ‘ಪಿಪಿಆರ್:1:ಸಾಕೆಟ್:ಪಿಇ=24’ ಕೊಟ್ಟು ನೋಡಿ; ಸಾಕೆಟ್‌ಗೊಂದು ಪ್ರೋಸೆಸ್, ಅದಕ್ಕೆ 24 ಕೋರ್ ಎಂದರ್ಥ. ಜೊತೆಗೆ ಥ್ರೆಡ್‌ಗಳನ್ನು ಕೋರ್‌ಗೆ ಕಟ್ಟುವ ಓಪನ್‌ಎಂಪಿ ವೇರಿಯಬಲ್‌ಗಳಲ್ಲಿ ಓಎಂಪಿ_ಪ್ಲೇಸಸ್‌ಗೆ ಕೋರ್ಸ್, ಓಎಂಪಿ_ಪ್ರೋಕ್_ಬೈಂಡ್‌ಗೆ ಕ್ಲೋಸ್ ಇಡಿ. ಇಲ್ಲದಿದ್ದರೆ ಥ್ರೆಡ್‌ಗಳು ಆ 24 ಕೋರ್‌ಗಳೊಳಗೇ ಅತ್ತಿಂದಿತ್ತ ಓಡಾಡುತ್ತವೆ.

ಉತ್ತರ: ಮೇಲಿನವರು ಹೇಳಿದ್ದು ಸರಿ. ಎಂಪಿಐರನ್ ಬದಲು ಸ್ಲರ್ಮ್‌ನ (ಕ್ಲಸ್ಟರ್‌ನಲ್ಲಿ ಜಾಬ್‌ಗಳಿಗೆ ನೋಡ್ ಹಂಚುವ ತಂತ್ರಾಂಶ) ಎಸ್‌ರನ್ ಆಜ್ಞೆ ಬಳಸುವವರು ಇನ್ನೊಂದು ವಿಷಯ ಗಮನದಲ್ಲಿಡಿ. 22.05ನೇ ಆವೃತ್ತಿಯಿಂದ, ಎಸ್‌ಬ್ಯಾಚ್ ಸ್ಕ್ರಿಪ್ಟ್‌ನಲ್ಲಿ (ಜಾಬ್ ಸಲ್ಲಿಸುವ ಕಡತ) ಬರೆದ ಸಿಪಿಯುಸ್-ಪರ್-ಟಾಸ್ಕ್ (ಪ್ರೋಸೆಸ್‌ಗೆ ಎಷ್ಟು ಕೋರ್) ಸಂಖ್ಯೆಯನ್ನು ಎಸ್‌ರನ್ ತಾನಾಗಿ ಎತ್ತಿಕೊಳ್ಳುವುದಿಲ್ಲ. ಎಸ್‌ರನ್ ಸಾಲಿನಲ್ಲಿ ಮತ್ತೆ ಬರೆಯಬೇಕು, ಇಲ್ಲವೇ ಎಸ್‌ರನ್_ಸಿಪಿಯುಸ್_ಪರ್_ಟಾಸ್ಕ್ ವೇರಿಯಬಲ್ ಇಡಬೇಕು. ನಾವು ಬಳಸುವ ಕ್ಲಸ್ಟರ್ ಅಪ್‌ಗ್ರೇಡ್ ಆದ ಮೇಲೆ, ಒಂದಕ್ಷರವೂ ಬದಲಾಗದ ಸ್ಕ್ರಿಪ್ಟ್ ನಿಧಾನವಾಗಿ ಓಡಿದ್ದು ಇದರಿಂದಲೇ.

ಉತ್ತರ: ಗ್ರಾಫ್‌ಗಾಗಿ ನೀವು 1 ಪ್ರೋಸೆಸ್, 48 ಥ್ರೆಡ್ ಕೂಡ ಓಡಿಸುತ್ತೀರಿ ಅಂದುಕೊಳ್ಳುತ್ತೇನೆ. ಆಗ ಮೆಮೊರಿ ಎಲ್ಲಿದೆ ಅನ್ನೋದೂ ಮುಖ್ಯವಾಗುತ್ತೆ. ಲಿನಕ್ಸ್‌ನಲ್ಲಿ ಜಾಗ ಕೇಳಿದ ಕೂಡಲೇ ಮೆಮೊರಿ ಸಿಗುವುದಿಲ್ಲ. ಒಂದು ಪುಟಕ್ಕೆ (ಮೆಮೊರಿಯ ಸಣ್ಣ ತುಂಡು) ಮೊದಲು ಬರೆಯುವ ಥ್ರೆಡ್ ಯಾವ ಸಾಕೆಟ್‌ನಲ್ಲಿದೆಯೋ ಆ ಸಾಕೆಟ್‌ನ ಮೆಮೊರಿಯಲ್ಲೇ ಅದು ಸಾಮಾನ್ಯವಾಗಿ ಕೂರುತ್ತೆ. ನನ್ನ ಕೋಡ್‌ನಲ್ಲಿ ಅರೇಗಳಿಗೆಲ್ಲ ಸೊನ್ನೆ ತುಂಬುವ ಲೂಪ್ ಒಂದೇ ಥ್ರೆಡ್‌ನಲ್ಲಿತ್ತು. ಇಡೀ ಡೇಟಾ ಒಂದೇ ಸಾಕೆಟ್ ಪಾಲಾಗಿ, ಇನ್ನೊಂದು ಕಡೆಯ 24 ಥ್ರೆಡ್ ಪ್ರತಿ ಸಲವೂ ಸಾಕೆಟ್ ದಾಟಿ ಬಂದು ಓದುತ್ತಿದ್ದವು. ಲೆಕ್ಕದ ಲೂಪ್ ಹೇಗೆ ಹಂಚಿದೆಯೋ ಹಾಗೇ ಆ ಸೊನ್ನೆ ತುಂಬುವ ಲೂಪನ್ನೂ ಹಂಚಿದೆ. ಅದೊಂದೇ ಸಾಲಿನ ಬದಲಾವಣೆ, ಅಷ್ಟಕ್ಕೇ ಎರಡನೇ ಸಾಕೆಟ್ ನಿಜವಾಗಿ ಉಪಯೋಗಕ್ಕೆ ಬಂತು.

ಎಎಂಡಿ ಎಪಿಕ್ ಪ್ರೊಸೆಸರ್‌ನ ಯಂತ್ರ ಸಿಕ್ಕರೆ ಸಾಕೆಟ್ ಲೆಕ್ಕ ಮಾತ್ರ ನಂಬಬೇಡಿ. ಬಯೋಸ್‌ನಲ್ಲಿ ಎನ್‌ಪಿಎಸ್4 ಎಂಬ ಸೆಟ್ಟಿಂಗ್ ಇಟ್ಟಿದ್ದರೆ ಒಂದೇ ಸಾಕೆಟ್‌ನೊಳಗೆ 4 ನ್ಯೂಮಾ ಭಾಗ (ತನ್ನದೇ ಹತ್ತಿರದ ಮೆಮೊರಿ ಇರುವ ಕೋರ್‌ಗಳ ಗುಂಪು) ಇರುತ್ತವೆ. ಎಲ್‌ಎಸ್‌ಟೋಪೋ ಆಜ್ಞೆ ಓಡಿಸಿದರೆ ಈ ಜೋಡಣೆಯ ಚಿತ್ರವೇ ಸಿಗುತ್ತೆ.

ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದ. ಪಟ್ಟಿ ತೆಗೆದು ನೋಡಿದೆ. ಎರಡೂ ಪ್ರೋಸೆಸ್ ಮೊದಲ ಸಾಕೆಟ್‌ನಲ್ಲೇ, 0 ಮತ್ತು 1ನೇ ಕೋರ್ ಮೇಲಿದ್ದವು! ಮ್ಯಾಪ್-ಬೈ ಕೊಟ್ಟ ಮೇಲೆ ಡೆಸ್ಕ್‌ಟಾಪನ್ನು ಸಲೀಸಾಗಿ ಹಿಂದೆ ಹಾಕಿದೆ. ಎರಡು ನೋಡ್‌ಗೆ ಹೋಗುವಾಗ ಏನಾದರೂ ಎಚ್ಚರ ಬೇಕೇ?

ಉತ್ತರ: ಬೇಕು. ಪಕ್ಕಪಕ್ಕದ ತುಂಡುಗಳನ್ನು ಲೆಕ್ಕ ಹಾಕುವ ಪ್ರೋಸೆಸ್‌ಗಳು ಪ್ರತಿ ಹೆಜ್ಜೆಗೂ ಅಂಚಿನ ಮೌಲ್ಯಗಳನ್ನು ಅದಲುಬದಲು ಮಾಡಿಕೊಳ್ಳುತ್ತವಲ್ಲ, ಅವು ಒಂದೇ ನೋಡ್‌ನಲ್ಲಿದ್ದರೆ ನೆಟ್‌ವರ್ಕ್‌ಗೆ ಹೋಗುವ ಮಾತೇ ಕಡಿಮೆ. ಎಸ್‌ರನ್‌ನ ಡಿಸ್ಟ್ರಿಬ್ಯೂಷನ್ ಆಯ್ಕೆಯಲ್ಲಿ ‘ಬ್ಲಾಕ್’ ಇಟ್ಟರೆ ಒಂದು ನೋಡ್ ತುಂಬಿದ ಮೇಲೆ ಇನ್ನೊಂದಕ್ಕೆ ಹೋಗುತ್ತೆ. ‘ಸೈಕ್ಲಿಕ್’ ಇಟ್ಟರೆ ನೋಡ್‌ಗೊಂದರಂತೆ ಸರದಿಯಲ್ಲಿ ಹಂಚುತ್ತೆ, ಆಗ ನಿಮ್ಮ 0ನೇ ಪ್ರೋಸೆಸ್‌ನ ನೆರೆಯ 1 ಆಚೆ ನೋಡ್‌ನಲ್ಲಿರುತ್ತೆ. ನಿಮ್ಮಂಥ ಕೋಡ್‌ಗೆ ಬ್ಲಾಕ್‌ನಿಂದಲೇ ಶುರು ಮಾಡಿ. ಅಳತೆ ತೆಗೆಯುವಾಗ ಎಕ್ಸ್‌ಕ್ಲೂಸಿವ್ ಆಯ್ಕೆ ಹಾಕಿ ಇಡೀ ನೋಡ್ ನಿಮಗೊಬ್ಬರಿಗೇ ಕೇಳಿಕೊಳ್ಳಿ, ಬೇರೆಯವರ ಜಾಬ್ ಅದೇ ನೋಡ್‌ನಲ್ಲಿದ್ದರೆ ಗ್ರಾಫ್ ದಿನಕ್ಕೊಂದು ಥರ ಬರುತ್ತೆ.